ಓದುಗರ ಪ್ರಶ್ನೆ: ಮನೆಯಲ್ಲಿ ದನಿ ಮುದ್ರಿಸಲು ಯಾವ ಕಂಪ್ರೆಸರ್ ಕೊಳ್ಳಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯಲ್ಲೇ, ಮೈಕನ್ನು ಒಂದು ಅಡಿ ದೂರ ಇಟ್ಟುಕೊಂಡು, ಕನ್ನಡ ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಒಂದು ಕಂಡೆನ್ಸರ್ ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್, ಮಗ ಬಿಟ್ಟುಹೋದ ಲ್ಯಾಪ್‌ಟಾಪ್ ಇವೆ. ಕೇಳಿದವರೆಲ್ಲ "ಕೆಲವು ಕಡೆ ಜೋರು, ಕೆಲವು ಕಡೆ ಕೇಳಿಸೋದೇ ಇಲ್ಲ" ಅನ್ನುತ್ತಾರೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿದರೆ ಸರಿಹೋಗುತ್ತದೆ ಅಂತ ಗೊತ್ತಾಯಿತು. ಒಂದು ಅಂಗಡಿಯವರು ಡಿಬಿಎಕ್ಸ್ 286ಎಸ್ ತೊಗೊಳ್ಳಿ ಅಂದರು. ಇನ್ನೊಬ್ಬರು ಬೆಹ್ರಿಂಗರ್ ಎಂಡಿಎಕ್ಸ್ 2600 ಸಾಕು ಅಂದರು. ಪಿಂಚಣಿ ದುಡ್ಡು, ಪದೇ ಪದೇ ಕೊಳ್ಳಲು ಆಗುವುದಿಲ್ಲ. ಯಾವುದು ತೆಗೆದುಕೊಳ್ಳಲಿ? ಎರಡು ತುಣುಕು ರೆಕಾರ್ಡಿಂಗ್ ಕಳಿಸಿದ್ದೇನೆ.
— ಓದುಗರು, ವಿಜಯನಗರ

ಉತ್ತರ: ಎರಡೂ ತುಣುಕುಗಳನ್ನು ಹೆಡ್‌ಫೋನ್ ಹಾಕಿ ಕೇಳಿದೆ ಸಾರ್. ಓದು ಚೆನ್ನಾಗಿದೆ. ಅಜ್ಜಿಯ ಮಾತು, ಮೊಮ್ಮಗನ ಮಾತು ಬೇರೆ ಬೇರೆಯಾಗಿ ಕೇಳುತ್ತವೆ. ಅದನ್ನು ಯಾವ ಯಂತ್ರವೂ ಕೊಡುವುದಿಲ್ಲ.

ನಿಮ್ಮ ಕೇಳುಗರು ಹೇಳಿದ್ದೂ ನಿಜ. ಎರಡನೇ ತುಣುಕಿನಲ್ಲಿ "ಬಾಗಿಲು ತೆಗೆದು ನೋಡಿದರೆ ಅವನಿನ್ನೂ ಬಂದಿರಲಿಲ್ಲ" ಅಂತ ಒಂದು ವಾಕ್ಯ ಇದೆ. "ಬಾಗಿಲು" ಅನ್ನುವಾಗ ಮೀಟರ್ ಮೈನಸ್ 6 ಡೆಸಿಬೆಲ್ ಮುಟ್ಟುತ್ತದೆ (ಸೊನ್ನೆಯೇ ಮೇಲಿನ ಮಿತಿ, ಮೈನಸ್ ಅಂಕಿ ದೊಡ್ಡದಾದಷ್ಟೂ ದನಿ ಮೆತ್ತಗೆ). ಕೊನೆಯ "ಲಿಲ್ಲ" ಬರುವಷ್ಟರಲ್ಲಿ ಮೈನಸ್ 30ಕ್ಕೆ ಇಳಿದಿರುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತವರಿಗೆ "ಬಂದಿರ" ಅನ್ನುವವರೆಗೆ ಮಾತ್ರ ಕೇಳುತ್ತದೆ. ಅವನು ಬಂದನೋ ಇಲ್ಲವೋ ಅನ್ನುವುದೇ ಕಥೆ, ಅದು ಎಂಜಿನ್ ಸದ್ದಿನಲ್ಲಿ ಹೋಯಿತು.

ಇದು ನಿಮ್ಮೊಬ್ಬರ ತೊಂದರೆ ಅಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಲ್ಲ, ಬೇಡ, ಕೂಡದು, ಅಂತೆ, ಎಲ್ಲ ವಾಕ್ಯದ ಬಾಲದಲ್ಲೇ ಇರುತ್ತವೆ. ಉಸಿರು ಮುಗಿಯುವುದೂ ಅಲ್ಲೇ. ಗಾಂಧಿನಗರದ ಡಬ್ಬಿಂಗ್ ಕೋಣೆಗಳಲ್ಲಿ ಕನ್ಸೋಲ್ ಮುಂದೆ ಕೂತಿದ್ದಷ್ಟು ಕಾಲವೂ ನಾನು ಜಾಸ್ತಿ ಕಿವಿ ಕೊಟ್ಟಿದ್ದು ಈ ಬಾಲಕ್ಕೇ. ದೊಡ್ಡ ದನಿಯ ಕಲಾವಿದರೂ ಅಲ್ಲಿ ಜಾರುತ್ತಾರೆ. ಆದ್ದರಿಂದ ಯಾರು ಕಂಪ್ರೆಸರ್ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ವಾಕ್ಯದ ಕೊನೆ ಕೇಳಿಸುತ್ತಿದೆಯಾ ಅಂತ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನಿಮ್ಮ ಕೆಲಸಕ್ಕೆ ಬೇಕಾದ ಕಂಪ್ರೆಸರ್ ಬಿಟ್ಟಿಯಾಗಿ ಸಿಗುತ್ತದೆ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ.

ಅಂಗಡಿಯವರು ಹೇಳಿದ ಎರಡು ಪೆಟ್ಟಿಗೆಗಳು ಒಂದೇ ಜಾತಿಯವಲ್ಲ. ಅದನ್ನು ಅವರು ಹೇಳಬೇಕಿತ್ತು. 286ಎಸ್ ಒಳಗೆ ಮೈಕಿನ ಸಣ್ಣ ಸಿಗ್ನಲ್ ಎತ್ತುವ ಪ್ರೀಆಂಪ್ ಇದೆ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಇದೆ, ಕಂಪ್ರೆಸರ್ ಇದೆ, ಸ-ಕಾರ ತಗ್ಗಿಸುವ ಡಿ-ಎಸ್ಸರ್ ಇದೆ, ಮಾತಿಲ್ಲದಾಗ ಸದ್ದು ತಗ್ಗಿಸುವ ಗೇಟ್ ಇದೆ. ಮೈಕನ್ನು ನೇರ ಅದಕ್ಕೆ ಚುಚ್ಚಿ, ಅಲ್ಲಿಂದ ಸ್ಟೀರಿಯೋ ಪಿ-38 (ಕಾಲು ಇಂಚಿನ) ಪಿನ್ನಿನ ಕೇಬಲ್‌ನಲ್ಲಿ ಸ್ಕಾರ್ಲೆಟ್‌ನ ಲೈನ್ ಇನ್‌ಪುಟ್‌ಗೆ ಕೊಡಬಹುದು. ಎಂಡಿಎಕ್ಸ್ 2600 ಹಾಗಲ್ಲ. ಅದು ಎರಡು ಚಾನೆಲ್‌ನ ಲೈನ್ ಲೆವೆಲ್ (ಪ್ರೀಆಂಪ್ ಆಗಲೇ ಎತ್ತಿದ ಮಟ್ಟದ) ಕಂಪ್ರೆಸರ್. ಮೈಕ್ ಪ್ರೀಆಂಪ್ ಇಲ್ಲ, ಫ್ಯಾಂಟಮ್ ಇಲ್ಲ. ನಿಮ್ಮ ಕಂಡೆನ್ಸರ್ ಮೈಕನ್ನು ಅದಕ್ಕೆ ಚುಚ್ಚಿದರೆ ಏನೂ ಕೇಳಿಸುವುದಿಲ್ಲ. ಅದು ಕೂರಬೇಕಾದ ಜಾಗ ಪ್ರೀಆಂಪ್ ಆದ ಮೇಲೆ, ಕಂಪ್ಯೂಟರಿಗೆ ಹೋಗುವ ಮುಂಚೆ. ಸ್ಕಾರ್ಲೆಟ್ 2ಐ2ನಲ್ಲಿ ಆ ಎರಡೂ ಒಂದೇ ಡಬ್ಬಿಯೊಳಗೆ ಇವೆ, ಮಧ್ಯೆ ಕೈ ಹಾಕಲು ಇನ್ಸರ್ಟ್ ತೂತೇ ಇಲ್ಲ. ರೆಕಾರ್ಡ್ ಆದದ್ದನ್ನು ಹಿಂದಿನ ಔಟ್‌ಪುಟ್‌ನಿಂದ ಹೊರಗೆ ಕಳಿಸಿ, ಕಂಪ್ರೆಸರ್ ದಾಟಿಸಿ, ಮತ್ತೆ ಒಳಗೆ ತರಬೇಕು. ಒಂದು ಗಂಟೆಯ ಕಥೆಗೆ ಇನ್ನೊಂದು ಗಂಟೆ ಕೂತಿರಬೇಕು. ಯಾಕೆ ಬೇಕು ಈ ಪಾಡು?

286ಎಸ್ ಒಳ್ಳೆಯ ಪೆಟ್ಟಿಗೆ, ನನಗೆ ಅದರ ಮೇಲೆ ಗೌರವ ಇದೆ. ಆದರೆ ಅದು ದನಿಯನ್ನು ಒತ್ತಿದ ಮೇಲೆಯೇ ಕಂಪ್ಯೂಟರಿಗೆ ಕಳಿಸುತ್ತದೆ. ಜಾಸ್ತಿ ಒತ್ತಿದರೆ ಆಮೇಲೆ ಬಿಡಿಸಲು ಬರುವುದಿಲ್ಲ. ಕಂಪ್ರೆಸರ್‌ಗೆ ಅದರಲ್ಲಿ ಡ್ರೈವ್, ಡೆನ್ಸಿಟಿ ಅಂತ ಎರಡೇ ನಾಬ್. ಅಟ್ಯಾಕ್, ರಿಲೀಸ್ ಬೇರೆ ಬೇರೆಯಾಗಿ ಇಲ್ಲ. ನಿಮ್ಮ "ಲಿಲ್ಲ"ಗೆ ಬೇಕಾಗಿರುವುದೇ ರಿಲೀಸ್.

ಇದು ಅರ್ಥವಾಗಲು ಕಂಪ್ರೆಸರ್ ಏನು ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಹಿಂದೆ ಮುದ್ರಣ ನಡೆಯುವಾಗ ಆಪರೇಟರ್ ಫೇಡರ್ ಮೇಲೆ ಬೆರಳಿಟ್ಟು ಕೂತಿರುತ್ತಿದ್ದರು. ದನಿ ಏರಿದರೆ ಇಳಿಸುವುದು, ಇಳಿದರೆ ಏರಿಸುವುದು. ಕಂಪ್ರೆಸರ್ ಅದರಲ್ಲಿ ಇಳಿಸುವ ಅರ್ಧ ಕೆಲಸವನ್ನು ತಾನೇ ಮಾಡುತ್ತದೆ. ಯಾವ ಮಟ್ಟ ದಾಟಿದರೆ ಇಳಿಸಬೇಕು ಅನ್ನುವುದು ಥ್ರೆಶೋಲ್ಡ್. ಎಷ್ಟು ಇಳಿಸಬೇಕು ಅನ್ನುವುದು ರೇಶಿಯೋ. ಎಷ್ಟು ಬೇಗ ಇಳಿಸಬೇಕು ಅಟ್ಯಾಕ್, ಎಷ್ಟು ಬೇಗ ಕೈ ಬಿಡಬೇಕು ರಿಲೀಸ್. ಎಲ್ಲ ಮುಗಿದ ಮೇಲೆ ಒಟ್ಟು ದನಿಯನ್ನು ಎತ್ತುವುದು ಮೇಕಪ್ ಗೇನ್.

ನಿಮ್ಮ ವಾಕ್ಯದ ಮೇಲೇ ಲೆಕ್ಕ ಹಾಕೋಣ. ಥ್ರೆಶೋಲ್ಡ್ ಮೈನಸ್ 18, ರೇಶಿಯೋ 3ಕ್ಕೆ 1. "ಬಾಗಿಲು" ಮೈನಸ್ 6ರಲ್ಲಿದೆ, ಅಂದರೆ ಗೆರೆಗಿಂತ 12 ಡೆಸಿಬೆಲ್ ಮೇಲೆ. ಮೂರರಲ್ಲಿ ಒಂದು ಪಾಲು, ಅಂದರೆ 4 ಡೆಸಿಬೆಲ್ ಮಾತ್ರ ಉಳಿಯುತ್ತದೆ. ಹಾಗಾಗಿ ಅದು ಮೈನಸ್ 14ಕ್ಕೆ ಬಂದು ಕೂರುತ್ತದೆ. "ಲಿಲ್ಲ" ಗೆರೆಯ ಕೆಳಗಿದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಈಗ ಎಲ್ಲವನ್ನೂ 8 ಡೆಸಿಬೆಲ್ ಎತ್ತಿ. "ಬಾಗಿಲು" ಮತ್ತೆ ಮೈನಸ್ 6, "ಲಿಲ್ಲ" ಮೈನಸ್ 22. ಇಬ್ಬರ ನಡುವೆ 24 ಇದ್ದ ಅಂತರ 16ಕ್ಕೆ ಬಂತು. ಬಸ್ಸಿನಲ್ಲಿ ಕೂತವರಿಗೆ ಇದು ದೊಡ್ಡ ವ್ಯತ್ಯಾಸ.

ಆದರೆ 8 ಡೆಸಿಬೆಲ್ ಎತ್ತಿದ್ದು ನಿಮ್ಮ ದನಿಯನ್ನು ಮಾತ್ರ ಅಲ್ಲ. ನೀವು ಸುಮ್ನೆ ಇರುವಾಗ ನಿಮ್ಮ ಕೋಣೆಯ ಸದ್ದು ಮೈನಸ್ 58ರ ಹತ್ತಿರ ಇದೆ. ನಾನು ಕೇಳಿದ್ದರಲ್ಲಿ ಪಕ್ಕದ ಕೋಣೆಯ ಫ್ರಿಜ್ ಇದೆ, ಫ್ಯಾನ್ ಇದೆ, ದೂರದಲ್ಲಿ ತರಕಾರಿ ಗಾಡಿಯ ಧ್ವನಿವರ್ಧಕವೂ ಇದೆ. ಅವೆಲ್ಲ ಮೈನಸ್ 50ಕ್ಕೆ ಬರುತ್ತವೆ. ಆಡಿಯೋ ಪುಸ್ತಕಗಳಿಗೆ ಎಸಿಎಕ್ಸ್ (ಅಮೆಜಾನ್ ಬಳಗದ ಆಡಿಯೋ ಪುಸ್ತಕ ವೇದಿಕೆ) ಇಟ್ಟಿರುವ ಅಳತೆ ಜಗತ್ತಿನಲ್ಲಿ ಬಹಳ ಜನ ಬಳಸುತ್ತಾರೆ. ಅದರ ಪ್ರಕಾರ ಮೌನದ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು. ದನಿಯ ಆರ್‌ಎಂಎಸ್ (ಸರಾಸರಿ) ಮಟ್ಟ ಮೈನಸ್ 23ರಿಂದ ಮೈನಸ್ 18ರ ಒಳಗೆ, ಪೀಕ್ (ಅತಿ ಜೋರಿನ ಕ್ಷಣ) ಮೈನಸ್ 3 ದಾಟಬಾರದು. ಕಂಪ್ರೆಸರ್ ಸಾವಿರಾರು ರೂಪಾಯಿಯದ್ದಾಗಲಿ ಬಿಟ್ಟಿಯದ್ದಾಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಪ್ರತಿ ಪೂರ್ಣವಿರಾಮದ ನಂತರ ನಿಮ್ಮ ಫ್ರಿಜ್ ಎದ್ದು ಮಾತಾಡುತ್ತದೆ.

ಆದ್ದರಿಂದ ಪಿಂಚಣಿ ದುಡ್ಡಲ್ಲಿ ಮೊದಲ ಪಾಲು ಕೋಣೆಗೆ ಹೋಗಲಿ. ಒಂದು ದಪ್ಪ ರಗ್ಗು ನೆಲಕ್ಕೆ. ಎರಡು ಕೌದಿ ಇದ್ದರೆ ಒಂದನ್ನು ನಿಮ್ಮ ಬೆನ್ನ ಹಿಂದೆ, ಇನ್ನೊಂದನ್ನು ಪಕ್ಕದ ಬರಿ ಗೋಡೆಗೆ ಇಳಿಬಿಡಿ. ಬೆನ್ನ ಹಿಂದಿನದು ತುಂಬಾ ಮುಖ್ಯ. ಮೈಕ್ ನಿಮ್ಮ ಮುಖ ನೋಡುತ್ತಿರುತ್ತದೆ, ನಿಮ್ಮ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಬೆನ್ನು ಕೊಟ್ಟು ಕೂತರೂ ಆಗುತ್ತದೆ. ಕೌದಿ ನಿಮ್ಮ ಕೋಣೆಯ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಬೀದಿಯ ಸದ್ದನ್ನು ತಡೆಯುವುದಿಲ್ಲ. ಬೀದಿಗೆ ಮದ್ದು ಹೊತ್ತು ನೋಡಿ ಕೂರುವುದು. ವಿಜಯನಗರದಲ್ಲಿ ರಾತ್ರಿ ಹತ್ತರ ಮೇಲೆ ಕೂರಿ. ಬೆಳಗ್ಗೆ ಬೇಗ ಅಂದರೆ ಹಾಲಿನ ಗಾಡಿ, ಸುಪ್ರಭಾತ, ಬೇಸಗೆಯಲ್ಲಿ ಕೋಗಿಲೆ. ಕೂರುವ ಮುಂಚೆ ಫ್ರಿಜ್ ಸ್ವಿಚ್ ಆಫ್ ಮಾಡಿ, ನೆನಪಿರಲಿ ಅಂತ ಗಾಡಿ ಕೀ ಅದರೊಳಗೇ ಇಡಿ. ಎದ್ದು ಹೋಗುವಾಗ ಕೀ ಬೇಕೇ ಬೇಕಲ್ವಾ, ಆಗ ಫ್ರಿಜ್ ಮತ್ತೆ ಹಾಕುತ್ತೀರಿ.

ಮೈಕ್ ಈಗ ಒಂದು ಅಡಿ ದೂರ ಇದೆ ಅಂತ ಬರೆದಿದ್ದೀರಿ. ಅರ್ಧ ಅಡಿಗೆ ತನ್ನಿ. ದೂರ ಅರ್ಧ ಆದರೆ ನೇರ ಬರುವ ದನಿ 6 ಡೆಸಿಬೆಲ್ ಹೆಚ್ಚುತ್ತದೆ. ಸ್ಕಾರ್ಲೆಟ್ ಮೇಲಿನ ಗೇನ್ ನಾಬನ್ನು ಅಷ್ಟೇ ಇಳಿಸಿ. ಆಗ ಕೋಣೆಯ ಸದ್ದು ಕೂಡ 6 ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಲಾಭ ಇದು. ಹತ್ತಿರ ಬಂದಾಗ ಪ, ಭ, ಘ ಅಕ್ಷರಗಳು ಮೈಕಿಗೆ ಗಾಳಿ ಹೊಡೆಯುತ್ತವೆ, ಅದಕ್ಕೊಂದು ಪಾಪ್ ಫಿಲ್ಟರ್ ಹಾಕಿ. ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರು ಮಾತು ಮೈನಸ್ 12ರ ಆಸುಪಾಸು ಇರಲಿ. ಕೆಂಪು ದೀಪ ಹತ್ತಲೇಬಾರದು.

ಇನ್ನು ಆ ಬಿಟ್ಟಿ ಕಂಪ್ರೆಸರ್. ಅಡಾಸಿಟಿ ಅನ್ನುವ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದಿದೆ, ಟೋಕಿಯೋ ಡಾನ್ ಲ್ಯಾಬ್ಸ್‌ನ ಕೊಟೆಲ್ನಿಕೋವ್‌ಗೆ ಉಚಿತ ಆವೃತ್ತಿ ಇದೆ. ನನ್ನ ಆಯ್ಕೆ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನ ರೀಕಾಂಪ್. ರೀಪರ್ ಅನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ನಿಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ಅದೂ ಬೇಡ ಅಂದರೆ ರೀಕಾಂಪ್ ಇರುವ ರೀಪ್ಲಗ್ಸ್ ಕಂತೆಯನ್ನು ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್‌ಗಳಿಗೂ ಉಚಿತವಾಗಿ ಹಾಕಿಕೊಳ್ಳಬಹುದು. ಯಾವುದಾದರೂ ಒಂದನ್ನು ಹಿಡಿದು ಕಲಿಯಿರಿ. ಎಲ್ಲವನ್ನೂ ಇಳಿಸಿಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಒಂದು ಹೈಪಾಸ್ ಫಿಲ್ಟರ್ ಹಾಕಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಮೇನ್ ರೋಡಿನ ಬಸ್ಸಿನ ಗುಡುಗು ಅಲ್ಲಿರುತ್ತದೆ. ಅದು ನಿಮ್ಮ ಕಿವಿಗೆ ಕೇಳದಿದ್ದರೂ ಕಂಪ್ರೆಸರ್‌ಗೆ ಕೇಳುತ್ತದೆ, ಸುಮ್ನೆ ದನಿ ಒತ್ತುತ್ತದೆ. ಆಮೇಲೆ ರೀಕಾಂಪ್‌ನಲ್ಲಿ ರೇಶಿಯೋ 3, ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 100 ಮಿಲಿಸೆಕೆಂಡ್. ಆಟೋ ಮೇಕಪ್ ಆಫ್. ಥ್ರೆಶೋಲ್ಡ್ ನಿಧಾನಕ್ಕೆ ಕೆಳಗೆ ಎಳೆಯಿರಿ. ಜೋರು ಪದ ಬಂದಾಗ ಇಳಿಕೆಯ ಮೀಟರ್ 6ರಿಂದ 8 ತೋರಿಸಬೇಕು, ಸಾಧಾರಣ ಮಾತಿಗೆ 2–3. ಅಲ್ಲಿಗೆ ನಿಲ್ಲಿಸಿ.

ರಿಲೀಸ್ ಬಗ್ಗೆ ಇನ್ನೊಂದು ಮಾತು. ಕೇಳಿ ನೋಡಲೇಬೇಕಾದ ನಾಬ್ ಅದು. ಅದನ್ನು ಒಂದು ಸೆಕೆಂಡಿಗೆ ಇಟ್ಟರೆ ಏನಾಗುತ್ತದೆ? "ಬಂದಿರ" ಅನ್ನುವಾಗ ಒತ್ತಿದ ಕೈ ಸಡಿಲವಾಗುವ ಮೊದಲೇ "ಲಿಲ್ಲ" ಬಂದುಹೋಗುತ್ತದೆ. ಮೊದಲೇ ಮೆತ್ತಗಿದ್ದ ಬಾಲವನ್ನು ಕಂಪ್ರೆಸರ್ ಇನ್ನೂ ಅದುಮುತ್ತದೆ. ಕಂಪ್ರೆಸರ್ ಹಾಕಿದ ಮೇಲೆ ಇನ್ನೂ ಹಾಳಾಯಿತು ಅಂತ ಎಷ್ಟೋ ಜನ ಬರೆಯುವುದು ಇದಕ್ಕೇ. ಹಾಗಂತ 10 ಮಿಲಿಸೆಕೆಂಡಿಗೆ ಇಳಿಸಲೂ ಬೇಡಿ. ಗಂಡಸರ ದಪ್ಪ ದನಿ 100 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಅದರ ಒಂದೊಂದು ಅಲೆಯೇ 10 ಮಿಲಿಸೆಕೆಂಡ್ ಉದ್ದ. ಕಂಪ್ರೆಸರ್ ಒಂದೊಂದು ಅಲೆಯನ್ನೂ ಹಿಡಿದು ಬಿಡುತ್ತಾ ಹೋಗಿ ದನಿ ಒರಟಾಗುತ್ತದೆ, ಉಸಿರೆಲ್ಲ ಎದ್ದು ಕೇಳುತ್ತದೆ. 80ರಿಂದ 150ರ ಒಳಗೆ ನಿಮ್ಮ ಓದಿನ ವೇಗಕ್ಕೆ ತಕ್ಕದ್ದು ಸಿಗುತ್ತದೆ. "ಬಂದಿರಲಿಲ್ಲ" ಅನ್ನುವುದನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಾ ತಿರುಗಿಸಿ.

ಇಷ್ಟಾದರೂ 16 ಡೆಸಿಬೆಲ್ ಅಂತರ ಉಳಿಯುತ್ತದೆ. ಉಳಿದದ್ದನ್ನು ಕಂಪ್ರೆಸರ್ ಕೈಯಲ್ಲೇ ಮಾಡಿಸಲು ಹೋಗಬೇಡಿ, ದನಿಯ ಜೀವ ಹೋಗುತ್ತದೆ. ರೀಪರ್‌ನಲ್ಲಿ ಆ ಪದದ ಎರಡೂ ಬದಿ ಕತ್ತರಿಸಿ, ಆ ತುಂಡನ್ನಷ್ಟೇ 4–5 ಡೆಸಿಬೆಲ್ ಎತ್ತಿ. ಇದನ್ನು ಕಂಪ್ರೆಸರ್‌ಗಿಂತ ಮೊದಲು ಮಾಡಿ. ಮತ್ತೆ ಓದುವ ಹಾಳೆಯಲ್ಲಿ ಪ್ರತಿ ವಾಕ್ಯದ ಕೊನೆಯ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಅಲ್ಲಿಗೆ ಉಸಿರು ಉಳಿಸಿಕೊಳ್ಳಬೇಕು ಅಂತ ಕಣ್ಣಿಗೆ ಕಾಣಲಿ. ನಾಟಕದವರು ಮಾಡುವ ಅಭ್ಯಾಸ ಇದು. ಕೆಲವು ವಾರದಲ್ಲಿ ಕಂಪ್ರೆಸರ್ ಮೀಟರ್ ಕಡಿಮೆ ಅಲ್ಲಾಡುವುದನ್ನು ನೀವೇ ನೋಡುತ್ತೀರಿ.

ಪ್ರಶ್ನೆ: ಮೇಡಂ, ಕಳೆದ ಸಂಚಿಕೆಯಲ್ಲಿ ನೀವು ದನಿಯನ್ನು ಏನೂ ಹಾಕದೆ ರೆಕಾರ್ಡ್ ಮಾಡಿ, ಕಂಪ್ರೆಸರ್ ಆಮೇಲೆ ಹಾಕಿ ಅಂದಿರಿ. ನಾನು ಈ ಕಸುಬಿನಲ್ಲಿ ಹಳಬ. ನಾವೆಲ್ಲ ಕಂಪ್ರೆಸರ್ ದಾಟಿಸಿಯೇ ಟೇಪಿಗೆ ಹಾಕುತ್ತಿದ್ದೆವು. ಅದು ತಪ್ಪೇ?
— ಓದುಗರು, ಶ್ರೀರಾಮಪುರ

ಉತ್ತರ: ತಪ್ಪಲ್ಲ ಸಾರ್, ಆಗ ಅದೇ ಸರಿ. ಟೇಪಿನ ಹಿಸ್ ನಿಮಗೆ ನೆನಪಿರುತ್ತದೆ. ಮೆತ್ತಗಿನ ಮಾತು ಹಿಸ್‌ನಲ್ಲಿ ಮುಳುಗಬಾರದು, ಜೋರು ಮಾತು ಟೇಪನ್ನು ಒಡೆಯಬಾರದು. ಆ ಇಕ್ಕಟ್ಟಿನಲ್ಲಿ ದನಿ ಕೂರಿಸಲು ಒಳಗೆ ಹೋಗುವಾಗಲೇ ಒತ್ತಬೇಕಿತ್ತು. ಈಗಿನ 24 ಬಿಟ್ ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸಿದ್ಧಾಂತದ ಲೆಕ್ಕಕ್ಕೆ 144 ಡೆಸಿಬೆಲ್ ಜಾಗ ಇದೆ. ಮನೆಯ ಕೋಣೆಯ ಗದ್ದಲವೇ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಅವಸರ ಪಡಬೇಕಾಗಿಲ್ಲ.

ನೀವು ಹಳಬರು ಅಂದದ್ದಕ್ಕೆ ಇನ್ನೊಂದು ವಿಷಯ ಹೇಳಬೇಕು ಅನಿಸಿತು. ಇವತ್ತಿನ ಹುಡುಗರು ಬಿಟ್ಟಿ ಪ್ಲಗಿನ್‌ಗಳಲ್ಲಿ ಆಡುವ ಎಷ್ಟೋ ದನಿಗಳು ಮೂರು ಹಳೆಯ ಕಂಪ್ರೆಸರ್ ಮನೆತನಕ್ಕೆ ಸೇರಿದವು. ಮೊದಲನೆಯದು ಟೆಲಿಟ್ರಾನಿಕ್ಸ್ ಎಲ್‌ಎ-2ಎ, 1960ರ ದಶಕದ್ದು, ಜಿಮ್ ಲಾರೆನ್ಸ್ ಅವರದು. ಅದರೊಳಗೆ ಒಂದು ಬೆಳಗುವ ಫಲಕ, ಎದುರಿಗೆ ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ಒಂದು ತುಣುಕು. ದನಿ ಏರಿದಂತೆ ಫಲಕ ಬೆಳಗುತ್ತದೆ, ದನಿ ತಗ್ಗುತ್ತದೆ. ಕೈ ಬಿಡುವಾಗ ಮೊದಲ ಅರ್ಧ ಬೇಗ, ಸುಮಾರು 60 ಮಿಲಿಸೆಕೆಂಡಿನಲ್ಲಿ. ಉಳಿದರ್ಧ ನಿಧಾನ, ಕೆಲವು ಸೆಕೆಂಡು. ಮನುಷ್ಯರ ಮಾತಿಗೆ ಅದು ಅಷ್ಟು ಒಪ್ಪುವುದು ಇದರಿಂದಲೇ ಅಂತ ನನ್ನ ನಂಬಿಕೆ. ಎರಡನೆಯದು ಬಿಲ್ ಪುಟ್ನಮ್ ಅವರ 1176. 20 ಮೈಕ್ರೋಸೆಕೆಂಡಿನಲ್ಲೇ ಹಿಡಿಯುವಷ್ಟು ಚುರುಕು. ಮೂರನೆಯದು ಡೇವಿಡ್ ಬ್ಲ್ಯಾಕ್‌ಮರ್ 1971ರಲ್ಲಿ ಶುರು ಮಾಡಿದ ಡಿಬಿಎಕ್ಸ್, ವಿಸಿಎ (ವೋಲ್ಟೇಜಿನಿಂದ ದನಿ ಏರಿಳಿಸುವ ಸರ್ಕ್ಯೂಟ್) ಬಳಸುವುದು. ಎಲ್‌ಎ-2ಎ ಕೊಳ್ಳಲು ಆಗದವರಿಗೆ ಕ್ಲಾರ್ಕ್ ಟೆಕ್ನಿಕ್‌ನ ಕೆಟಿ-2ಎ ಇದೆ, 1176ರ ರೀತಿಯದು 76-ಕೆಟಿ. ನಿಮ್ಮಂಥ ತರಬೇತಾದ ಕೈ ಇದ್ದರೆ, ಒಳಗೆ ಹೋಗುವಾಗಲೇ 2–3 ಡೆಸಿಬೆಲ್ ಒತ್ತುವುದು ಇವತ್ತಿಗೂ ಚಂದ. ಹೊಸಬರಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ.

ಪ್ರಶ್ನೆ: ಅಕ್ಕ, ನಾನು ಹರಿಕಥೆ ಮಾಡುತ್ತೇನೆ. ದೇವಸ್ಥಾನ, ಬಡಾವಣೆಯ ಸಭಾಂಗಣಗಳಲ್ಲಿ ಕಾರ್ಯಕ್ರಮ. ಮಾತು ಮೆತ್ತಗೆ, ಹಾಡು ಜೋರು. ಸೌಂಡ್ ಹುಡುಗ ಯಾವಾಗಲೂ ಫೋನ್ ನೋಡುತ್ತಾ ಕೂತಿರುತ್ತಾನೆ. ಲೈವ್ ಮತ್ತು ರೆಕಾರ್ಡಿಂಗ್ ಎರಡಕ್ಕೂ ಆಗುವಂಥ ಅಗ್ಗದ ಕಂಪ್ರೆಸರ್ ಹೇಳಿ.
— ಓದುಗರು, ಹನುಮಂತನಗರ

ಉತ್ತರ: ನಿಮಗೆ ಪೆಟ್ಟಿಗೆ ಬೇಕು, ಕಂಪ್ಯೂಟರ್ ಸಾಲದು. ಆದರೆ ಬೇರೆ ಕಂಪ್ರೆಸರ್ ಕೊಳ್ಳುವ ಮುಂಚೆ ಮಿಕ್ಸರ್ ನೋಡಿ. ಯಮಹಾ ಎಂಜಿ10ಎಕ್ಸ್‌ಯು ಥರದ ಸಣ್ಣ ಮಿಕ್ಸರ್‌ನ ಮೊದಲ ಎರಡು ಚಾನೆಲ್‌ಗೆ ಒಂದೊಂದು ಕಂಪ್ರೆಸರ್ ನಾಬ್ ಇದೆ. ಬೆಹ್ರಿಂಗರ್ ಝೆನಿಕ್ಸ್ ಕ್ಯೂ ಸಾಲಿನಲ್ಲೂ ಮೈಕ್ ಚಾನೆಲ್‌ಗಳಿಗೆ ಅಂಥದ್ದೇ ಇದೆ. ಒಂದು ನಿಮ್ಮ ಮೈಕಿಗೆ, ಇನ್ನೊಂದು ಹಿಮ್ಮೇಳದ ಗಾಯಕರಿಗೆ. ಯುಎಸ್‌ಬಿ ಇರುವುದನ್ನೇ ತಂದರೆ ಅಲ್ಲಿಂದಲೇ ಲ್ಯಾಪ್‌ಟಾಪಿಗೆ ರೆಕಾರ್ಡಿಂಗ್ ಹೋಗುತ್ತದೆ. ಮೃದಂಗ, ಹಾರ್ಮೋನಿಯಂಗೆ ಕಂಪ್ರೆಸರ್ ಬೇಡವೇ ಬೇಡ.

ದೊಡ್ಡ ಮಿಕ್ಸರ್ ಈಗಾಗಲೇ ಇದ್ದು ಅದರಲ್ಲಿ ಇನ್ಸರ್ಟ್ ತೂತುಗಳಿದ್ದರೆ, ಆಗ ಎಂಡಿಎಕ್ಸ್ 2600 ಅಥವಾ ಡಿಬಿಎಕ್ಸ್ 166ಎಕ್ಸ್‌ಎಸ್ ಸರಿ. ಎರಡರಲ್ಲೂ ಎರಡೆರಡು ಚಾನೆಲ್. ವಿಜಯನಗರದ ಓದುಗರಿಗೆ ಬೇಡ ಅಂದ ಪೆಟ್ಟಿಗೆ ನಿಮಗೆ ಚೆನ್ನಾಗಿ ದುಡಿಯುತ್ತದೆ.

ಲೈವ್‌ನಲ್ಲಿ ಒಂದು ಎಚ್ಚರ. ಮೇಕಪ್ ಗೇನ್ 6 ಡೆಸಿಬೆಲ್ ಏರಿಸಿದರೆ ಮೈಕ್ ಕೂಗುವ ಮಟ್ಟಕ್ಕೆ ನೀವು 6 ಡೆಸಿಬೆಲ್ ಹತ್ತಿರ ಹೋದ ಹಾಗೆ. ನೀವು ಕಣ್ಣು ಮುಚ್ಚಿ ಮೌನ ಹಿಡಿದ ಹೊತ್ತಲ್ಲೇ ಸ್ಪೀಕರ್ ಕುಯ್ಯೋ ಅನ್ನುತ್ತದೆ, ಏಕೆಂದರೆ ಮೌನದಲ್ಲಿ ಕಂಪ್ರೆಸರ್ ಕೈ ಪೂರ್ತಿ ಬಿಟ್ಟಿರುತ್ತದೆ. ಆದ್ದರಿಂದ ಲೈವ್‌ನಲ್ಲಿ ಮೇಕಪ್ ಸೊನ್ನೆ. ಹಾಡಿನ ಏರನ್ನು ಮಾತ್ರ ತಗ್ಗಿಸಲಿ, ಅಷ್ಟು ಸಾಕು. ಒಂದೇ ನಾಬ್ ಇರುವ ಕಂಪ್ರೆಸರ್‌ಗಳು ತಿರುಗಿಸಿದಂತೆ ಗೇನ್ ಅನ್ನೂ ತಾವೇ ಏರಿಸುತ್ತವೆ. ಹಾಗಾಗಿ ಅದನ್ನು ಕಾಲು ಭಾಗಕ್ಕಿಂತ ಮುಂದೆ ತಿರುಗಿಸಬೇಡಿ, ಮತ್ತು ಜನ ಬರುವ ಮುಂಚೆ ಮಾತು, ಹಾಡು, ಮೌನ ಮೂರನ್ನೂ ಪರೀಕ್ಷೆ ಮಾಡಿ.

ಪ್ರಶ್ನೆ: ನನ್ನ ಅಣ್ಣ ಅಮೆರಿಕದಿಂದ ಬರುತ್ತಿದ್ದಾನೆ. ಸೆಕೆಂಡ್ ಹ್ಯಾಂಡ್ ಎಫ್‌ಎಂಆರ್ ಆರ್‌ಎನ್‌ಸಿ 1773 ಸಿಗುತ್ತದಂತೆ. ತರಿಸಲಾ? ಇಲ್ಲಾ ಎಸ್‌ಪಿ ರೋಡಲ್ಲೇ ಹಳೇದು ಹುಡುಕಲಾ?
— ಓದುಗರು, ಚಾಮರಾಜಪೇಟೆ

ಉತ್ತರ: ನಿಮ್ಮ ಇಂಟರ್‌ಫೇಸ್‌ನಲ್ಲಿ ಇನ್ಸರ್ಟ್ ಇದ್ದರೆ, ಅಥವಾ ಬೇರೆ ಮೈಕ್ ಪ್ರೀಆಂಪ್ ಇದ್ದರೆ ತರಿಸಿ. ಕಡಿಮೆ ದುಡ್ಡಿಗೆ ಅಷ್ಟು ಸ್ವಚ್ಛ ಕಂಪ್ರೆಸರ್ ಅಪರೂಪ. ಥ್ರೆಶೋಲ್ಡ್, ರೇಶಿಯೋ, ಅಟ್ಯಾಕ್, ರಿಲೀಸ್, ಗೇನ್ ಐದೂ ನಾಬ್ ಇವೆ. ಸೂಪರ್ ನೈಸ್ ಅನ್ನುವ ಗುಂಡಿ ಒತ್ತಿದರೆ ಒತ್ತುತ್ತಿರುವುದು ಗೊತ್ತೇ ಆಗದ ಹಾಗೆ ಕೆಲಸ ಮಾಡುತ್ತದೆ. ಇವು ಯಾವುದೂ ಇಲ್ಲದಿದ್ದರೆ ಅಣ್ಣನ ಬ್ಯಾಗಿನಲ್ಲಿ ಆ ಜಾಗಕ್ಕೆ ಒಂದು ಒಳ್ಳೆ ಹೆಡ್‌ಫೋನ್ ಬರಲಿ.

ತರಿಸುವುದಾದರೆ ಎರಡು ವಿಷಯ ನೋಡಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಆರ್‌ಎನ್‌ಸಿಗೆ ಹೊರಗಿನ ಅಡಾಪ್ಟರ್ ಇರುವುದರಿಂದ ಇಲ್ಲಿ ಸರಿಯಾದದ್ದನ್ನು ಹೊಂದಿಸಿಕೊಳ್ಳಬಹುದು. ಪೆಟ್ಟಿಗೆ ಮೇಲೆ ಬರೆದಿರುವ ವೋಲ್ಟೇಜ್ ಜೊತೆಗೆ ಎಸಿಯೋ ಡಿಸಿಯೋ ಅನ್ನುವುದನ್ನೂ ನೋಡಿ ಹೊಂದಿಸಿ. ಒಳಗೇ ಪವರ್ ಸಪ್ಲೈ ಇರುವ ಪೆಟ್ಟಿಗೆಯಾದರೆ ಹಿಂದಿನ ಫಲಕ ಓದದೆ ಪ್ಲಗ್ ಚುಚ್ಚಲೇಬಾರದು. ಎರಡನೆಯದು, ಆರ್‌ಎನ್‌ಸಿಯ ತೂತುಗಳು ಅನ್‌ಬ್ಯಾಲೆನ್ಸ್ಡ್, ಅಂದರೆ ದಾರಿಯಲ್ಲಿ ಸೇರುವ ಗುಂಯ್ ಸದ್ದನ್ನು ತಡೆಯದ ಬಗೆಯವು. ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. 50 ಹರ್ಟ್ಸ್ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಕೇಬಲ್ ಚಿಕ್ಕದಿರಲಿ, ಎಲ್ಲ ಸಾಧನಗಳೂ ಒಂದೇ ಪ್ಲಗ್ ಬೋರ್ಡಿನಲ್ಲಿರಲಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, ಅದು ಸಂಗೀತಕ್ಕಿಂತ ಜೀವಕ್ಕೆ ಬೇಕಾದದ್ದು.

ಎಸ್‌ಪಿ ರೋಡಿಗೆ ಕೇಬಲ್, ಪಿನ್ನುಗಳಿಗೆ ಧಾರಾಳವಾಗಿ ಹೋಗಿ. ಹಳೇ ಕಂಪ್ರೆಸರ್ ಎಲ್ಲೇ ಸಿಗಲಿ, ಹೆಡ್‌ಫೋನ್ ಹಾಕಿ ಕೇಳದೆ ದುಡ್ಡು ಕೊಡಬೇಡಿ. ಫೋನಿನಿಂದ ಒಂದು ಮಾತಿನ ರೆಕಾರ್ಡಿಂಗ್ ಹಾಕಿ. ಪ್ರತಿ ನಾಬ್ ತಿರುಗಿಸಿ, ಕರಕರ ಅಂದರೆ ಒಳಗೆ ಧೂಳು. ಅದು ಶುಚಿ ಮಾಡಿದರೆ ಹೋಗಬಹುದು. ಎರಡು ಚಾನೆಲ್‌ನಲ್ಲೂ ನಾಬ್‌ಗಳನ್ನು ಒಂದೇ ಜಾಗದಲ್ಲಿಟ್ಟು ಕೇಳಿ, ಒಂದು ಕಡೆ ಮಂಕಾಗಿದ್ದರೆ ವಾಪಸ್ ಕೊಡಿ. ಬೈಪಾಸ್ ಒತ್ತಿ ನೋಡಿ. ಥ್ರೆಶೋಲ್ಡ್ ಇಳಿಸಿದಾಗ ಮೀಟರ್ ದೀಪಗಳು ಹತ್ತುತ್ತವಾ ನೋಡಿ. ಅಂಗಡಿಯವರು "ಮನೇಲಿ ಚೆಕ್ ಮಾಡ್ಕೊಳಿ ಸಾರ್" ಅಂದರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಕಾಲೇಜಿಗೆ ಪಾಡ್‌ಕಾಸ್ಟ್ ಮಾಡುತ್ತಿದ್ದೇವೆ. ಫೋನಿನಲ್ಲೇ ರೆಕಾರ್ಡಿಂಗ್. ಕಂಪ್ರೆಸರ್ ಹಾಕಿದರೆ ದನಿ ಉಬ್ಬಿ ಇಳಿದ ಹಾಗೆ ಆಗುತ್ತದೆ.
— ವಿದ್ಯಾರ್ಥಿನಿ, ಜಯನಗರ

ಉತ್ತರ: ನಿಮ್ಮ ಫೋನು ಆಗಲೇ ತನ್ನಷ್ಟಕ್ಕೆ ಲೆವೆಲ್ ಏರಿಸಿ ಇಳಿಸಿರುತ್ತದೆ. ಅದರ ಮೇಲೆ ನೀವು ಇನ್ನೊಂದು ಸಲ ಒತ್ತುತ್ತಿದ್ದೀರಿ. ಗೇನ್ ಕೈಯಲ್ಲಿ ಇಡಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ, ಆಟೋ ಗೇನ್ ಆಫ್ ಮಾಡಿ. ಆಮೇಲೆ ಮೇಲೆ ಹೇಳಿದ 3ಕ್ಕೆ 1 ರೇಶಿಯೋ ಸಾಕು. ಕೊನೆಗೆ ಒಟ್ಟು ಮಟ್ಟವನ್ನು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಅನಿಸುವ ಒಟ್ಟು ಜೋರಿನ ಅಳತೆ) ತನ್ನಿ, ಆಪಲ್ ಪಾಡ್‌ಕಾಸ್ಟ್ ಹೇಳುವ ಅಳತೆ ಅದು. ಇಬ್ಬರು ಮಾತಾಡುವಾಗ ಒಂದೇ ಫೋನ್ ಮಧ್ಯೆ ಇಡಬೇಡಿ. ಇಬ್ಬರ ಹತ್ತಿರವೂ ಫೋನ್ ಇದೆ ಅಲ್ವಾ? ಒಬ್ಬೊಬ್ಬರೂ ತಮ್ಮದರಲ್ಲಿ ರೆಕಾರ್ಡ್ ಮಾಡಿ, ಶುರುವಿಗೆ ಒಂದು ಚಪ್ಪಾಳೆ ತಟ್ಟಿ. ಆ ಚಪ್ಪಾಳೆಗೆ ಎರಡೂ ಫೈಲ್ ಜೋಡಿಸಿ, ಬೇರೆ ಬೇರೆ ಕಂಪ್ರೆಸರ್ ಹಾಕಿ.

ಪ್ರಶ್ನೆ: ಕಂಪ್ರೆಸರ್ ಹಾಕಿದ ಮೇಲೆ ನನ್ನ ಸ, ಶ ಎಲ್ಲ ಸೀಟಿ ಹೊಡೆದ ಹಾಗೆ ಕೇಳುತ್ತವೆ. ಬೇರೆ ಕಂಪ್ರೆಸರ್ ಬೇಕಾ?
— ಓದುಗರು, ಮಲ್ಲೇಶ್ವರ

ಉತ್ತರ: ಬೇಡ. ಸ, ಶಗಳಲ್ಲಿ ಶಕ್ತಿ 3ರಿಂದ 8 ಕಿಲೋಹರ್ಟ್ಸ್ ಆಸುಪಾಸು ಇರುತ್ತದೆ. ಸ್ವರಗಳಷ್ಟು ಜೋರಿಲ್ಲದ ಕಾರಣ ಕಂಪ್ರೆಸರ್ ಅವನ್ನು ಹಿಡಿಯುವುದಿಲ್ಲ, ಆದರೆ ಮೇಕಪ್ ಗೇನ್ ಅವನ್ನೂ ಎತ್ತುತ್ತದೆ. ಕಂಪ್ರೆಸರ್ ಆದ ಮೇಲೆ ಒಂದು ಡಿ-ಎಸ್ಸರ್ ಹಾಕಿ, ಸೀಟಿ ಬಂದಾಗ ಮಾತ್ರ 3–4 ಡೆಸಿಬೆಲ್ ಇಳಿಸಲಿ. ಜಾಸ್ತಿ ಇಳಿಸಿದರೆ ಸ, ಶ ಮಂಕಾಗಿ ತೊದಲಿದ ಹಾಗೆ ಕೇಳುತ್ತವೆ, ಕೇಳುವವರು ಉಚ್ಚಾರ ಸರಿಯಿಲ್ಲ ಅಂದುಕೊಳ್ಳುತ್ತಾರೆ. "ಶಶಿ ಸಂಜೆ ಶಾಲೆಯಿಂದ ಸುಸ್ತಾಗಿ ಬಂದಳು" ಅಂತ ಓದಿ, ಶ-ಸ ಎರಡೂ ಬೇರೆಯಾಗಿ ಕೇಳುವವರೆಗೆ ಹಿಂದಕ್ಕೆ ತಿರುಗಿಸಿ. ಹೋಲಿಸಿ ನೋಡುವಾಗ ಮುಂಚಿನದು, ಆಮೇಲಿನದು ಎರಡನ್ನೂ ಒಂದೇ ಜೋರಿಗೆ ತಂದು ಕೇಳಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಎಲ್ಲರ ಕಿವಿಗೂ ಅನಿಸುತ್ತದೆ.